ಪಕ್ಕದ ಬೆಟ್ಟದ ಕಿತ್ತಳೆ ಹೋಯ್ತು, ಪಂಜಾಬಿನದು ಬಂತು

ಹೊಸೂರು: ಇಲ್ಲಿನ ಬಸ್ ನಿಲ್ದಾಣದ ಹತ್ತಿರ ಹಣ್ಣಿನ ತಳ್ಳುಗಾಡಿ ಮುಂದೆ ಐದು ನಿಮಿಷ ನಿಂತರೆ ಒಂದೇ ಹಣ್ಣಿಗೆ ಮೂರು ಹೆಸರು ಕಿವಿಗೆ ಬೀಳುತ್ತವೆ. ನಾವು ಮೂಸಂಬಿ ಅನ್ನುವುದು ತಮಿಳಿನವರಿಗೆ ಸಾತ್ತುಕುಡಿ, ತೆಲುಗಿನವರಿಗೆ ಬತ್ತಾಯಿ. ಅನಂತಪುರದ ಕಡೆಯವರಾದರೆ ಚೀನಿಕಾಯಿ. ನಮ್ಮ ಕಿತ್ತಳೆ ಅವರಿಬ್ಬರಿಗೂ ಕಮಲಾ. ಚಕ್ಕೋತಕ್ಕೆ ಒಬ್ಬರು ಬಂಬ್ಳಿಮಾಸು ಎಂದರೆ ಇನ್ನೊಬ್ಬರು ಪಂಪರಪನಸ ಅನ್ನುತ್ತಾರೆ. ವ್ಯಾಪಾರಿ ಮೂರು ಭಾಷೆಯಲ್ಲೂ ರೇಟು ಹೇಳುತ್ತಾನೆ. ಆದರೆ 'ಇದು ಯಾವೂರ ಹಣ್ಣಪ್ಪಾ?' ಅಂತ ಕೇಳಿ ನೋಡಿ. ಯಾವ ಭಾಷೆಯಲ್ಲಿ ಉತ್ತರ ಬಂದರೂ ಅದರಲ್ಲಿ ನಮ್ಮ ಸುತ್ತಮುತ್ತಲಿನ ಊರಿನ ಹೆಸರು ಇರುವುದು ಅಪರೂಪ.

ಮೊದಲು ಹೀಗಿರಲಿಲ್ಲ. 1965ರಲ್ಲಿ ಧರ್ಮಪುರಿ ಜಿಲ್ಲೆ ಆಗುವ ತನಕ ಹೊಸೂರು ಸೇಲಂ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಯ ಏರ್ಕಾಡಿನ ಬೆಟ್ಟಗಳಲ್ಲಿ ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆಯುತ್ತಿತ್ತು. ಇತ್ತ ಮೈಸೂರು, ಬೆಂಗಳೂರಿನ ಕಡೆ ನೆಂಟರಿದ್ದವರ ಮನೆಗೆ ಕೊಡಗಿನ ಕಿತ್ತಳೆಯೂ ಬರುತ್ತಿತ್ತು. ಹಸಿರು ಮಿಶ್ರಿತ ಹಳದಿ ಬಣ್ಣ, ಅಂಟಿಕೊಂಡ ಸಿಪ್ಪೆ, ಸಿಹಿಗೆ ತಕ್ಕ ಹುಳಿ. ನಾಗ್ಪುರದ ಹಣ್ಣಿನ ಹಾಗೆ ನೋಡಲು ಚೆಂದವಲ್ಲ, ಸಿಪ್ಪೆ ಸಲೀಸಾಗಿ ಬಿಡುವುದೂ ಇಲ್ಲ. ರುಚಿ ಮಾತ್ರ ಅದರದೇ.

ಕೊಡಗಿನಲ್ಲಿ 1960ರ ದಶಕದಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮೀರಿ ಇದ್ದ ಕಿತ್ತಳೆ, ಆಮೇಲೆ ಎರಡು ಸಾವಿರದ ಆಸುಪಾಸಿಗೆ ಇಳಿಯಿತು. ಏರ್ಕಾಡಿನಲ್ಲೂ ಕಿತ್ತಳೆ ಕೆಟ್ಟಿತು. ಬೇರುಕೊಳೆ, ಸಸ್ಯಹೇನು ಹರಡುವ ಟ್ರಿಸ್ಟೆಜಾ ವೈರಸ್ ಒಂದು ಕಡೆಯಾದರೆ, ಎಲ್ಲಕ್ಕಿಂತ ಕೆಟ್ಟದ್ದು ಗ್ರೀನಿಂಗ್ ರೋಗ. ಚಿಗುರಿನ ರಸ ಹೀರುವ ಸಿಲ್ಲಾ ಎಂಬ ಪುಟ್ಟ ಹುಳು ಇದರ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಹರಿಯುವ ನಾಳವೇ ಕಟ್ಟಿಕೊಳ್ಳುತ್ತದೆ. ಎಲೆ ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತದೆ, ಕಾಯಿ ಸೊಟ್ಟಗಾಗಿ ಬುಡದಲ್ಲಿ ಹಸಿರಾಗಿಯೇ ಉಳಿಯುತ್ತದೆ. ಹಿಡಿದ ಮೇಲೆ ಮದ್ದಿಲ್ಲ. ಕಿತ್ತಳೆ ಗಿಡ ಯಾಕೆ ಸೊರಗುತ್ತಿದೆ ಅಂತ ನೋಡಲೆಂದೇ ಕೊಡಗಿನ ಚೆಟ್ಟಳ್ಳಿಯಲ್ಲಿ 1947ರಲ್ಲೇ ಸಂಶೋಧನಾ ಕೇಂದ್ರ ಶುರುವಾಯಿತು. ಅಂದರೆ ಕಾಯಿಲೆ ಅಷ್ಟು ಹಳೆಯದು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಗುವ ಹೊತ್ತಿಗೆ ತೋಟಗಳೇ ಕರಗಿದ್ದವು.

ಇದು ನಮ್ಮ ರೈತರ ಬೇಜವಾಬ್ದಾರಿ ಅಂತ ಯಾರಾದರೂ ಅಂದರೆ ಅಮೆರಿಕದ ಫ್ಲಾರಿಡಾ ಕಡೆ ನೋಡಲಿ. ಅಲ್ಲಿ 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬಂದಿತ್ತು. 2005ರಲ್ಲಿ ಗ್ರೀನಿಂಗ್ ಕಾಣಿಸಿಕೊಂಡಿತು. 2023-24ರಲ್ಲಿ ಬಂದದ್ದು ಎರಡು ಕೋಟಿ ಪೆಟ್ಟಿಗೆಗೂ ಕಡಿಮೆ. ದುಡ್ಡು, ವಿಜ್ಞಾನ ಎರಡೂ ಇದ್ದವರ ಪಾಡೇ ಹೀಗೆ.

ಹಾಗಾದರೆ ದೇಶದಲ್ಲಿ ಹುಳಿಹಣ್ಣಿಗೆ ಬರ ಬಂತೇ? ಇಲ್ಲ, ಲೆಕ್ಕ ಹೇಳುವುದು ಉಲ್ಟಾ. ಕಿತ್ತಳೆ, ಮೂಸಂಬಿ, ನಿಂಬೆ ಎಲ್ಲ ಸೇರಿ 1991-92ರಲ್ಲಿ ದೇಶದ ಬೆಳೆ ಸುಮಾರು 28 ಲಕ್ಷ ಟನ್. 2010-11ಕ್ಕೆ ಅದು 75 ಲಕ್ಷ ಟನ್ ಹತ್ತಿರ ಬಂತು. ಈಚಿನ ವರ್ಷಗಳಲ್ಲಿ 1 ಕೋಟಿ 40 ಲಕ್ಷ ಟನ್ ಆಸುಪಾಸು. ಬಾಳೆ, ಮಾವು ಬಿಟ್ಟರೆ ಮೂರನೇ ಸ್ಥಾನ ಇದರದೇ. 1991ರ ಜನಗಣತಿಯ 84 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಮೂರು ಕೆ.ಜಿ. ಚಿಲ್ಲರೆ ಆಗುತ್ತಿತ್ತು. ಈಗಿನ 140 ಕೋಟಿಗೆ ಹಂಚಿದರೂ ಹತ್ತು ಕೆ.ಜಿ. ಬರುತ್ತದೆ. ದಿನಕ್ಕೆ 27 ಗ್ರಾಂ, ಸಣ್ಣದೊಂದು ನಿಂಬೆಹಣ್ಣಿನ ತೂಕ. ಆದರೆ ಇದು ಕಾಗದದ ಮೇಲಿನ ಪಾಲು. ದಾರಿಯಲ್ಲಿ ಕೊಳೆತದ್ದೆಷ್ಟು, ಜ್ಯೂಸ್ ಅಂಗಡಿಗೆ ಹೋದದ್ದೆಷ್ಟು, ಕೂಲಿಯವರ ಮನೆಗೆ ಬಂದದ್ದೆಷ್ಟು ಎಂಬುದು ಈ ಭಾಗಾಕಾರದಲ್ಲಿ ಕಾಣುವುದಿಲ್ಲ.

ಈ ಹೆಚ್ಚಳ ಬಂದದ್ದು ದೂರದ ತೋಟಗಳಿಂದ. ನಾಗ್ಪುರದ ಕಿತ್ತಳೆ, ಅನಂತಪುರದ ಮೂಸಂಬಿ ಎರಡಕ್ಕೂ ದಾರಿ ಒಂದೇ, ನಮ್ಮ ಊರಿನ ಮಧ್ಯೆ ಹಾದುಹೋಗುವ ಹೈವೇ. ಹಿಂದೆ ಎನ್‌ಎಚ್ 7 ಅಂತಿದ್ದದ್ದು ಈಗ 44. ಡಿಸೆಂಬರ್ ಆಯ್ತೆಂದರೆ ಕಿನ್ನೋ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಮಿಶ್ರತಳಿಯನ್ನು 1935ರಲ್ಲಿ ಬಿಡುಗಡೆ ಮಾಡಿದರು. ಈಗ ಪಂಜಾಬಿನ ಅಬೋಹರ್ ಅದರ ತವರು ಅನ್ನುವ ಹಾಗಾಗಿದೆ. ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ ಲಾರಿಯಲ್ಲಿ ಬಂದ ಮೇಲೂ ಮೇಣ ಸವರಿದ ಹಣ್ಣು ಮಿರಮಿರ ಮಿಂಚುತ್ತದೆ. ಸ್ಟಿಕ್ಕರ್ ಅಂಟಿಸಿದ್ದು ಈಜಿಪ್ಟಿನದೋ ದಕ್ಷಿಣ ಆಫ್ರಿಕಾದ್ದೋ ಇರುತ್ತದೆ. ಪಕ್ಕದ ಆನೇಕಲ್ ತಾಲ್ಲೂಕಿನ ಸಿಂಗೇನ ಅಗ್ರಹಾರದ ಸಗಟು ಮಂಡಿಯಲ್ಲಿ ಇವೆಲ್ಲ ಒಟ್ಟಿಗೇ ಸಿಗುತ್ತವೆ. ಸಾತ್ತುಕುಡಿ ಎಂಬ ಹೆಸರು ಹಳೇ ಉತ್ತರ ಆರ್ಕಾಟ್ ಜಿಲ್ಲೆಯ ಸಾತ್‌ಗಢದಿಂದ ಬಂತು ಅಂತ ಹೇಳುವುದುಂಟು. ಹೆಸರು ನಮ್ಮ ನೆರೆಯದು, ಹಣ್ಣು ಮಾತ್ರ ಆಂಧ್ರದ್ದು.

ಲಾರಿ ಬರುವ ತನಕ ಎಲ್ಲ ಸರಿ. 2022ರ ಏಪ್ರಿಲ್ ನೆನಪಿದೆಯಲ್ಲ? ಹಿಂದಿನ ಮಳೆಗೆ ಹೂವು ಉದುರಿತ್ತು, ಮಾರ್ಚ್ ಬಿಸಿಲಿಗೆ ಈಚು ಸುಟ್ಟಿತ್ತು, ಡೀಸೆಲ್ ಏರಿತ್ತು. ದೇಶದ ಹಲವೆಡೆ ಒಂದು ನಿಂಬೆಹಣ್ಣು ಹತ್ತು ರೂಪಾಯಿ ಮುಟ್ಟಿತು, ಕೆ.ಜಿ. ಇನ್ನೂರು-ಮುನ್ನೂರು ದಾಟಿತು. ಅಂಥ ಬೇಸಿಗೆಯಲ್ಲಿ ಪಾನಕಕ್ಕಿಂತ ಮೊದಲು ನಿಂತುಹೋಗುವುದು ಊಟದ ತಟ್ಟೆಯ ನಿಂಬೆ ಹೋಳು. ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುವ ನಮ್ಮ ಮನೆಗಳಿಗೆ ಅದು ಬರೀ ರುಚಿಯಲ್ಲ. ರಾಗಿ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ವಿಟಮಿನ್ ಬೇಕು. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗಂತೂ ಬೇಕೇ ಬೇಕು. (ನೆಲ್ಲಿಕಾಯಲ್ಲಿ ಇನ್ನೂ ಹೆಚ್ಚಿದೆ, ಅದು ಬೇರೆ ಮಾತು.)

ತಳಿ, ಡೆಂಕಣಿಕೋಟೆ, ಬಾಗಲೂರು ಕಡೆ ಹಿತ್ತಿಲಿರುವ ಮನೆಗಳಿಗೆ ಈಗಲೂ ಒಂದು ದಾರಿ ಇದೆ. ಒಂದು ನಿಂಬೆ, ಜಾಗ ಇದ್ದರೆ ಒಂದು ಹೇರಳೆ. ತಮಿಳಿನವರು ನಾರ್ತಂಗಾಯಿ ಅಂತ ಉಪ್ಪು ಹಾಕಿ ಒಣಗಿಸಿಟ್ಟರೆ, ನಮ್ಮವರು ಚಿತ್ರಾನ್ನ, ಉಪ್ಪಿನಕಾಯಿ ಮಾಡುತ್ತಾರೆ. ಅತ್ತೆ ಹಾಕಿದ್ದ ಉಪ್ಪಿನಕಾಯಿ ಜಾಡಿ ಸೊಸೆ ಬಾಣಂತನ ಮುಗಿಸಿ ಬರುವ ತನಕ ಕೆಡುತ್ತಿರಲಿಲ್ಲ. ನಿಂಬೆಯಲ್ಲಿ ಪೆರಿಯಕುಳಂನ ಪಿಕೆಎಂ-1 ತಳಿ ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯದ್ದು. ಕೃಷ್ಣಗಿರಿ ಜಿಲ್ಲೆಯವರು ಪೈಯೂರಿನ ಅದರ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಬೆಂಗಳೂರಿಗೆ ಹೋಗಿಬರುವವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ ಇದೆ. ಸಂತೆಯಲ್ಲಿ ಸಿಗುವ ಊರು-ಪೇರು ಇಲ್ಲದ ಕಸಿ ಗಿಡ ಮಾತ್ರ ಬೇಡ. ರೋಗದ ಮರದ ಕಣ್ಣು ತಂದು ಕಸಿ ಮಾಡಿದರೆ ರೋಗವೂ ಜೊತೆಗೇ ಬರುತ್ತದೆ. ನಿಂಬೆಗೆ ಕಸಿಯೇ ಬೇಕೆಂದೇನಿಲ್ಲ, ಬೀಜದಿಂದಲೂ ಬರುತ್ತದೆ. ಕಾಯಿ ಬಿಡಲು ನಾಲ್ಕೈದು ವರ್ಷ ಕಾಯಬೇಕು ಅಷ್ಟೆ.

ಇನ್ನೊಂದು ವಿಷಯ. ಆ ಸಿಲ್ಲಾ ಹುಳು ಕರಿಬೇವಿನ ಚಿಗುರಿನಲ್ಲೂ ಬದುಕುತ್ತದೆ. ಆದ್ದರಿಂದ ನಿಂಬೆ ಸಸಿಯನ್ನು ಕರಿಬೇವಿನ ಪಕ್ಕದಲ್ಲೇ ನೆಡದೆ ಹಿತ್ತಿಲ ಆ ಕೊನೆಗೆ ನೆಡಿ. ಹೊಸ ಚಿಗುರು ಬಂದಾಗಲೆಲ್ಲ ಎಲೆ ತಿರುಗಿಸಿ ನೋಡುತ್ತಿರಿ.