ಹಗೇವಿನಲ್ಲಿ ಇಲ್ಲದ ಕಾಳು

ಆಳಂದದಿಂದ ವಾಗ್ದರಿಯ ದಾರಿ ಹಿಡಿದರೆ ಕರ್ನಾಟಕ ಮುಗಿಯುವ ಅಂಚಿನಲ್ಲಿ ಹಿರೋಳ್ಳಿ ಸಿಗುತ್ತದೆ. ಅದನ್ನು ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟ ಸೀಮೆ. ಜೋಳ, ತೊಗರಿಯ ಈ ಎರೆಹೊಲದ ನಾಡಿನಲ್ಲಿ ಹಿರಿಯರು ಪಾಲಿಸಿಕೊಂಡು ಬಂದ ಒಂದು ಲೆಕ್ಕವಿತ್ತು. ಸುಗ್ಗಿ ಮುಗಿದ ಕೂಡಲೇ ಉಣ್ಣಲಿಕ್ಕೆ ಎಷ್ಟು, ಬೀಜಕ್ಕೆ ಎಷ್ಟು, ಬರಗಾಲಕ್ಕೆಂದು ನೆಲದೊಳಗಿನ ಕಣಜವಾದ ಹಗೇವಿಗೆ ಇಳಿಸುವುದು ಎಷ್ಟು ಎಂದು ಬೇರ್ಪಡಿಸುವುದು. ಹಗೇವಿನಲ್ಲಿ ಹತ್ತು ಚೀಲ ಇದ್ದರೆ ಹದಿನೈದು ಚೀಲದ ಊಟ ಹಾಕಲು ಬರುವುದಿಲ್ಲ. ಹಾಕಿದರೆ ಮಿಕ್ಕ ಐದು ಚೀಲ ಬೇರೆ ಯಾರದೋ ಮನೆಯಿಂದ ಬಂದಿರುತ್ತದೆ.

ಈ ಲೆಕ್ಕವನ್ನು ಇಡೀ ದೇಶಕ್ಕೆ ಹಚ್ಚಿ ನೋಡಿ, ಕಂಡದ್ದನ್ನು ಕಂಡಂತೆ ಬರೆದು ಸಹಿ ಹಾಕಿದ ಅರ್ಥಶಾಸ್ತ್ರಜ್ಞರೊಬ್ಬರಿದ್ದರು. ಅವರು ಬಿ.ಆರ್. ಶೆಣೈ, ಪೂರ್ತಿ ಹೆಸರು ಬೆಳ್ಳಿಕೋತ್ ರಘುನಾಥ ಶೆಣೈ. ಹುಟ್ಟಿದ್ದು 1905ರಲ್ಲಿ, ಕಾಞಂಗಾಡಿನ ಬಳಿಯ ಬೆಳ್ಳಿಕೋತ್‌ನಲ್ಲಿ. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಆ ಊರು ಅಂದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು. ಆರ್ಥಿಕ ತೀರ್ಮಾನಗಳು ಸಮೂಹದ, ಸರ್ಕಾರದ ಕೈಯಲ್ಲಿರಬೇಕು ಎನ್ನುವ ಸಮಷ್ಟಿವಾದದ ಬಗ್ಗೆ ಈ ದೇಶದಲ್ಲಿ ಎದ್ದ ಅತ್ಯಂತ ಗಟ್ಟಿಯಾದ ಸಂಪ್ರದಾಯವಾದಿ ವಿಮರ್ಶೆಗೆ ಬುನಾದಿ ಹಾಕಿದವರು ಗಡಿನಾಡಿನ ಈ ಮನುಷ್ಯ. ಅವರು ಅದನ್ನು ಹೇಗೆ ಕಂಡುಕೊಂಡರು ಎಂಬ ಕತೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಕತೆಯ ಮೊದಲ ಗಂಟು ಇರುವುದು ಲಂಡನ್ನಿನಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಶೆಣೈ ಮುಂದಿನ ಓದಿಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1930ರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಹಣದ ಕುರಿತು ಎರಡು ಸಂಪುಟಗಳ ದೊಡ್ಡ ಗ್ರಂಥ ಹೊರತಂದಿದ್ದರು. ಅದರಲ್ಲಿ ಬೆಲೆಮಟ್ಟವನ್ನು ವಿವರಿಸುವ ಸಮೀಕರಣಗಳಿದ್ದವು. ಇಪ್ಪತ್ತೈದರ ಆಸುಪಾಸಿನ ಶೆಣೈ ಆ ಸಮೀಕರಣಗಳನ್ನು ಬಿಡಿಸುತ್ತ ಕುಳಿತರು. ಅವರಿಗೆ ಕಂಡದ್ದು ಹಾರ್ವರ್ಡ್‌ನಿಂದ ಹೊರಡುವ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಗುಲಾಮ ದೇಶದಿಂದ ಹೋದ ಹುಡುಗನೊಬ್ಬ ಜಗತ್ತೇ ತಲೆದೂಗುತ್ತಿದ್ದ ಪಂಡಿತನ ಲೆಕ್ಕವನ್ನು ತಿದ್ದಲು ಹೊರಟದ್ದು ಸಣ್ಣ ಧೈರ್ಯವಲ್ಲ.

1931ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ವಿಯೆನ್ನಾದಿಂದ ಬಂದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಉಪನ್ಯಾಸ ಕೊಟ್ಟರು. ಅವರ ವಾದದ ತಿರುಳು ಇಷ್ಟು: ಜನ ಉಳಿಸಿದ ಹಣದಿಂದ ಕಾರ್ಖಾನೆ ಕಟ್ಟಿದರೆ ಅದು ನಿಲ್ಲುತ್ತದೆ. ಜನ ಉಳಿಸದೆ ಇದ್ದಾಗ ಬ್ಯಾಂಕು ಸುಮ್ಮನೆ ಸಾಲ ಹುಟ್ಟಿಸಿದರೆ ಕಾಮಗಾರಿಗಳು ಭರದಿಂದ ಏಳುತ್ತವೆ, ಆಮೇಲೆ ಕಬ್ಬಿಣವೂ ಕಾಳೂ ಸಾಲದೆ ಅರ್ಧಕ್ಕೆ ನಿಲ್ಲುತ್ತವೆ. ಕಾಗದದ ಮೇಲಿನ ಹಣಕ್ಕೂ ಹಗೇವಿನೊಳಗಿನ ಕಾಳಿಗೂ ಇರುವ ಅಂತರ ಶೆಣೈ ಅವರಿಗೆ ಅಲ್ಲಿಯೇ ಮನದಟ್ಟಾಯಿತು. ಮುಂದೆ ಸಿಂಹಳದಲ್ಲಿ, ರಿಸರ್ವ್ ಬ್ಯಾಂಕಿನಲ್ಲಿ ದುಡಿದ ವರ್ಷಗಳು ಆ ಅರಿವನ್ನು ಅನುಭವದಿಂದ ಗಟ್ಟಿಗೊಳಿಸಿದವು.

ಎರಡನೆಯ ಗಂಟು 1955ರದು. ಸ್ವತಂತ್ರ ಭಾರತ ಎರಡನೆಯ ಪಂಚವಾರ್ಷಿಕ ಯೋಜನೆಗೆ ಸಜ್ಜಾಗುತ್ತಿತ್ತು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಮಾರ್ಚ್‌ನಲ್ಲಿ ಕರಡು ಚೌಕಟ್ಟು ಕೊಟ್ಟಿದ್ದರು: ಭಾರಿ ಕೈಗಾರಿಕೆ ಮೊದಲು, ಅದರ ಕೀಲಿಕೈ ಸರ್ಕಾರದ ಕೈಯಲ್ಲಿ. ಅದನ್ನು ಪರಿಶೀಲಿಸಲು ಯೋಜನಾ ಆಯೋಗ ಕರೆದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಡಿ.ಆರ್. ಗಾಡ್ಗೀಳ್, ಸಿ.ಎನ್. ವಕೀಲ್ ಅವರಂಥ ಘಟಾನುಘಟಿಗಳಿದ್ದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದ, ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಕೂಡ ಇದ್ದರು. ಎಲ್ಲರೂ ಸಹಿ ಹಾಕಿದರು. ಆಗ ಅಹಮದಾಬಾದಿನಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದು ಕೊಟ್ಟರು.

ಆ ಟಿಪ್ಪಣಿ ಹೇಳಿದ್ದು ಮುಖ್ಯವಾಗಿ ಎರಡು ಮಾತು. ಒಂದು, ಜನರ ಉಳಿತಾಯಕ್ಕಿಂತ ಯೋಜನೆ ದೊಡ್ಡದಾಗಿದೆ. ಕೊರತೆಯನ್ನು ಹೊಸ ಹಣದಿಂದ ತುಂಬಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ. ಕೊನೆಗೆ ಅಂಗೀಕಾರವಾದ ಯೋಜನೆಯಲ್ಲಿ ಸರ್ಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ, ಎಂದರೆ ನಾಲ್ಕರಲ್ಲಿ ಒಂದು ಪಾಲು, ಇಂಥ ಕೊರತೆಯ ಹಣ! ಎರಡನೆಯ ಮಾತು ಇನ್ನೂ ಆಳದ್ದು. ನಿಯಂತ್ರಣ, ರಾಷ್ಟ್ರೀಕರಣ ಬೆಳೆಯುತ್ತ ಹೋದಂತೆ ನಿರ್ಧರಿಸುವ ಹಕ್ಕು ಪ್ರಜೆಯ ಕೈಯಿಂದ ಅಧಿಕಾರಿಯ ಮೇಜಿಗೆ ಸರಿಯುತ್ತದೆ, ಅದು ಪ್ರಜಾಪ್ರಭುತ್ವಕ್ಕೇ ಕುತ್ತು.

ನಿರ್ಧಾರ ಪ್ರಜೆಯ ಕೈಯಲ್ಲೇ ಏಕಿರಬೇಕು ಎಂಬುದಕ್ಕೆ ಹಯೆಕ್ ಅವರ 1945ರ ಪ್ರಸಿದ್ಧ ಪ್ರಬಂಧ ಇನ್ನೊಂದು ಕಾರಣ ಕೊಡುತ್ತದೆ. ಅದನ್ನು ತಿಳಿಯಲು ಹಿರೋಳ್ಳಿಯ ಹೊಲವೇ ಸಾಕು. ಮಿರಗದ (ಮೃಗಶಿರಾ) ಮಳೆ ಈ ಸಲ ಹದವಾಗಿ ಬಿತ್ತೇ, ಯಾವ ಪಟ್ಟಿಯಲ್ಲಿ ನೀರು ನಿಲ್ಲುತ್ತದೆ, ಹೆಸರು ಬಿತ್ತಬೇಕೋ ತೊಗರಿಗೇ ಹೋಗಬೇಕೋ, ಕಲಬುರಗಿ ಮಾರುಕಟ್ಟೆಯ ಧಾರಣೆ ಒಳ್ಳೆಯದೋ ಅಕ್ಕಲಕೋಟದ್ದೋ, ಯಾವ ಅಡತಿ ಅಂಗಡಿಯವನ ತೂಕ ನಂಬಬಹುದು? ಇದೆಲ್ಲ ಒಂದೊಂದು ಮನೆಯಲ್ಲಿ ಚೂರುಚೂರಾಗಿ ಹಂಚಿಹೋದ ತಿಳಿವಳಿಕೆ. ಯಾವ ಆಯೋಗವೂ ಅದನ್ನು ಕೂಡಿಸಿ ದೆಹಲಿಗೆ ಒಯ್ಯಲಾರದು. ಅದನ್ನು ಊರಿಂದ ಊರಿಗೆ ಮುಟ್ಟಿಸುವುದು ಬೆಲೆ. ಬೆಲೆಯನ್ನು ಕಟ್ಟಿಹಾಕಿದರೆ ಸುದ್ದಿಯನ್ನೇ ಕಟ್ಟಿಹಾಕಿದಂತೆ. 1960ರ ದಶಕದಲ್ಲಿ ಆಹಾರ ವಲಯಗಳ ಹೆಸರಿನಲ್ಲಿ ಧಾನ್ಯ ರಾಜ್ಯದ ಗಡಿ ದಾಟುವುದಕ್ಕೆ ನಿರ್ಬಂಧ ಬಂತು. ಸಂತೆಯೂ ನಂಟಸ್ತಿಕೆಯೂ ಎರಡೂ ಕಡೆ ಇರುವ ಗಡಿಯೂರುಗಳಿಗೆ ಅಂಥ ಗೆರೆಯ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಶೆಣೈ ಟಿಪ್ಪಣಿಯ ಲೆಕ್ಕದ ಫಲಿತಾಂಶಕ್ಕೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. ಯೋಜನೆಯ ತಿರುಳಿನ ಕೆಲಸಗಳನ್ನು ಉಳಿಸಿಕೊಂಡು ಮಿಕ್ಕವನ್ನು ಹಿಂದೆ ಸರಿಸಬೇಕಾಯಿತು. 1958ರ ಆಗಸ್ಟ್‌ನಲ್ಲಿ ಸಾಲ ಕೊಡುವ ದೇಶಗಳು ಭಾರತಕ್ಕಾಗಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿದವು. 1966ರ ಜೂನ್ 6ರಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದ ದರ 7 ರೂಪಾಯಿ 50 ಪೈಸೆಗೆ ಹೋಯಿತು. ಶೆಣೈ ತೀರಿಕೊಂಡದ್ದು 1978ರಲ್ಲಿ. ಉದ್ಯಮಕ್ಕೆ ಸರ್ಕಾರದ ಪರವಾನಗಿ ಬೇಡುತ್ತಿದ್ದ ಲೈಸೆನ್ಸ್ ರಾಜ್ಯದ ಗಂಟು ಸಡಿಲಿದ್ದು ಅದಾಗಿ ಹದಿಮೂರು ವರ್ಷಕ್ಕೆ, 1991ರಲ್ಲಿ.

ಯೋಜನೆಯ ಪರವಾಗಿದ್ದ ಪ್ರಗತಿಪರರ ಕಳಕಳಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಆ ಯೋಜನೆಯ ಕಾಲದಲ್ಲೇ ಎದ್ದವು. ಬಡತನ ಕಾಯುವುದಿಲ್ಲ ಎಂಬ ಅವಸರವೂ ನ್ಯಾಯವಾದದ್ದು. ಆದರೆ ಬೆಲೆ ಏರಿದಾಗ ಮೊದಲು ಉಪವಾಸ ಬೀಳುವವರು ಹೊಲವಿಲ್ಲದ ಕೂಲಿಯವರು. ಇಲ್ಲದ ಐದು ಚೀಲ ಬರುವುದು ಅವರ ಮನೆಯಿಂದಲೇ. ಬಡವರ ಹೆಸರಿನಲ್ಲಿ ಮಾಡಿದ ಖರ್ಚನ್ನು ಬಡವರೇ ತೆರುತ್ತಾರೆ ಎಂಬುದು ಶೆಣೈ ಅವರ ಕಾಣ್ಕೆಯ ನೈತಿಕ ತಿರುಳು.

ಹಾಗೆಂದು ಕೂಡಿ ಬಾಳುವುದಕ್ಕೆ ಈ ವಿಚಾರ ವಿರೋಧಿಯಲ್ಲ. ಶೆಣೈ ಹುಟ್ಟಿದ 1905ರಲ್ಲೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅಲ್ಲಿ ಅವರವರ ಹೊಲ ಅವರವರ ಹೆಸರಲ್ಲೇ ಉಳಿಯಿತು, ಸಾಲದ ಹೊರೆಗೆ ಮಾತ್ರ ಎಲ್ಲರೂ ಹೆಗಲು ಕೊಟ್ಟರು. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಒಪ್ಪಿದ ಜಂಟಿ ಸಹಕಾರಿ ಬೇಸಾಯ ಬೇರೆ ಬಗೆಯದು, ಹೊಲಗಳನ್ನೇ ಒಟ್ಟುಗೂಡಿಸುವಂಥದ್ದು. ಕಾಂಗ್ರೆಸ್ಸಿನೊಳಗಿಂದಲೇ ಚರಣ್ ಸಿಂಗ್ ಅದನ್ನು ಎದುರಿಸಿದರು. ಇದೇ ವಿರೋಧದ ಹಿನ್ನೆಲೆಯಲ್ಲಿ ರಾಜಾಜಿ, ಮೀನೂ ಮಸಾನಿ ಮತ್ತು ಎನ್.ಜಿ. ರಂಗಾ ಅವರೊಡನೆ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು. ನಮ್ಮಲ್ಲಿ 1974ರ ಭೂಸುಧಾರಣೆ ಕೂಡ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಯಾವುದೋ ಸಮೂಹದ ಸದಸ್ಯನನ್ನಾಗಿ ಅಲ್ಲ. ದುಡಿಯುವವನಿಗೆ ಬೇಕಾದದ್ದು ತನ್ನದೆಂಬ ಹೊಲ, ಅದರ ಮೇಲೆ ತನ್ನದೇ ತೀರ್ಮಾನ. ಇದನ್ನು ಪ್ರಗತಿಪರರೂ ಮರೆಯಬಾರದು, ಸಂಪ್ರದಾಯವಾದಿಗಳೂ ಮರೆಯಬಾರದು.

ಹಿರೋಳ್ಳಿಯಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ಈಗ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯೂ ನಮ್ಮ ಕಾಲೇಜುಗಳಲ್ಲಿಯೂ ಅರ್ಥಶಾಸ್ತ್ರ ಓದುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಮಹಾಲನೋಬಿಸ್ ಅವರ ಕರಡನ್ನು ಖಂಡಿತ ಓದಿ. ಅದರ ಪಕ್ಕದಲ್ಲೇ ಬೆಳ್ಳಿಕೋತ್‌ನ ಶೆಣೈ ಒಬ್ಬರೇ ಸಹಿ ಹಾಕಿದ ಆ ಟಿಪ್ಪಣಿಯನ್ನೂ ಇಟ್ಟುಕೊಂಡು ಓದಿ.