ಹಸಿದು ಉಣ್ಣಬೇಕು, ಉಂಡು ಕೊಳ್ಳಬೇಕು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿದೆ. ಊಟದ ಆಯ್ಕೆ ಮಾತ್ರ ಎಲೆಯ ಮುಂದೆ ಕುಳಿತಾಗ ಆಗುವುದಿಲ್ಲ. ದಿನಸಿ ಅಂಗಡಿಯಲ್ಲಿಯೇ ಆಗಿಹೋಗಿರುತ್ತದೆ. ಮನೆಗೆ ಬಾರದ ಪದಾರ್ಥ ಹೊಟ್ಟೆ ಸೇರದು. ಮನೆಗೆ ಬಂದುದು ಇಂದಲ್ಲ ನಾಳೆ ಸೇರದೆ ಇರದು. ಆದುದರಿಂದ ಸಾಮಾನು ಕೊಳ್ಳುವ ಹೊತ್ತಿನಲ್ಲಿ ಹೊಟ್ಟೆ ತುಂಬಿತ್ತೇ, ಖಾಲಿಯಾಗಿತ್ತೇ ಎಂಬುದು ಆರೋಗ್ಯಕ್ಕೂ ಹಣದ ಚೀಲಕ್ಕೂ ಸಂಬಂಧಿಸಿದ ಪ್ರಶ್ನೆ.

ಪುಣೆಯ ಪಶ್ಚಿಮಕ್ಕಿರುವ ಹಿಂಜವಾಡಿ ಮುಳಶಿ ತಾಲ್ಲೂಕಿನ ಒಂದು ಹಳ್ಳಿಯಾಗಿತ್ತು. ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬಂದ ಮೇಲೆ ಅದರ ಚಹರೆಯೇ ಬದಲಾಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೆಂಗಳೂರುಗಳಿಂದ ಬಂದ ಕನ್ನಡ ಸಂಸಾರಗಳೂ ಅಲ್ಲಿ ಮತ್ತು ಪಕ್ಕದ ವಾಕಡ್‌ನಲ್ಲಿ ನೆಲೆಸಿವೆ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಬಿಚ್ಚಿ ಉಂಡವರು ಸಂಜೆ ಏಳಕ್ಕೆ ಕಚೇರಿ ಬಿಟ್ಟು, ವಾಹನಗಳ ಸಾಲಿನಲ್ಲಿ ಸಿಲುಕಿ, ಶಿವಾಜಿ ಚೌಕ ದಾಟುವಾಗ ಎಂಟಾಗಿರುತ್ತದೆ. ಹೇಗೂ ದಾರಿಯಲ್ಲೇ ಇದೆಯೆಂದು ಮಳಿಗೆಯನ್ನು ಹೊಕ್ಕರೆ, ತರಬೇಕಾಗಿದ್ದುದು ತೊಗರಿಬೇಳೆ, ಜೋಳದ ಹಿಟ್ಟು, ಎಣ್ಣೆ. ಚೀಲ ತುಂಬಿ ಬಂದುದು ಬಾಕರವಡಿ, ಚಿಪ್ಸು, ಕೆನೆ ಬಿಸ್ಕತ್ತು. ಬೇಳೆ ಮರೆತುಹೋದದ್ದು ಒಲೆ ಹಚ್ಚಿದ ಮೇಲೆ ನೆನಪಾಗುತ್ತದೆ.

ಇದನ್ನು ಬರಿಯ ಬಾಯಿಚಪಲವೆಂದು ಹಳಿಯುವುದು ನ್ಯಾಯವಲ್ಲ. ಹೊಟ್ಟೆ ಬರಿದಾದಾಗ ಜಠರವು ಘ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಈ ದ್ರವ್ಯ ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ, ಉಂಡ ಮೇಲೆ ಇಳಿಯುತ್ತದೆ. ಅದು ಏರಿದಾಗ ಮಿದುಳಿಗೆ ಸಿಹಿ, ಜಿಡ್ಡಿನ ಪದಾರ್ಥಗಳು ಇನ್ನಷ್ಟು ಮನಮೋಹಕವಾಗಿ ತೋರುತ್ತವೆ. ಬೇಳೆಯನ್ನು ಬೇಯಿಸಬೇಕು, ಚಿಪ್ಸಿನ ಪೊಟ್ಟಣವನ್ನು ಹರಿದರೆ ಸಾಕು. ಹಸಿದವನು ಯಾವುದರತ್ತ ಕೈಚಾಚುವನೆಂದು ಬೇರೆ ಹೇಳಬೇಕಾಗಿಲ್ಲ.

ಈ ವಿಷಯವಾಗಿ ವಿದ್ವಾಂಸರು ಬಹುಕಾಲದಿಂದ ಪರೀಕ್ಷೆ ನಡೆಸಿದ್ದಾರೆ. 1969ರಲ್ಲಿ ಅಮೆರಿಕದ ನಿಸ್ಬೆಟ್ ಮತ್ತು ಕನೂಸ್ ಅಂಗಡಿಗೆ ಬಂದ ಗಿರಾಕಿಗಳನ್ನು ಪರಿಶೀಲಿಸಿ, ಸಾಧಾರಣ ಮೈಕಟ್ಟಿನವರು ಹಸಿದಿದ್ದಾಗ ಹೆಚ್ಚು ಕೊಂಡರೆಂದು ಕಂಡರು. ಸ್ಥೂಲಕಾಯರಲ್ಲಿ ಹಾಗೆ ಕಾಣಲಿಲ್ಲ. 1998ರಲ್ಲಿ ರೀಡ್ ಮತ್ತು ವಾನ್ ಲೀವೆನ್ ಎಂಬವರು ಆಮ್‌ಸ್ಟರ್‌ಡ್ಯಾಮಿನ ಕಚೇರಿ ನೌಕರರಿಗೆ, ಮುಂದಿನ ವಾರ ಕೊಡಲಿರುವ ತಿಂಡಿಯನ್ನು ಇಂದೇ ಆರಿಸಲು ಹೇಳಿದರು. ಆರಿಸುವಾಗ ಹಸಿದಿದ್ದವರು ಹಣ್ಣಿಗಿಂತ ಕರಿದ, ಸಿಹಿಯಾದ ತಿಂಡಿಗಳ ಕಡೆ ಹೆಚ್ಚು ವಾಲಿದರು. ವಾರದ ದಿನಸಿಯನ್ನು ಒಮ್ಮೆಗೇ ತರುವವರು ಇದನ್ನು ಗಮನಿಸತಕ್ಕದ್ದು: ಇಂದಿನ ಹಸಿವು ಮುಂದಿನ ವಾರದ ಊಟವನ್ನೂ ಗೊತ್ತುಮಾಡಿಬಿಡುತ್ತದೆ. 2015ರ ಒಂದು ಅಧ್ಯಯನದಲ್ಲಂತೂ ಹಸಿದವರು ತಿನ್ನಲು ಬಾರದ ಕಾಗದದ ಕ್ಲಿಪ್ಪುಗಳನ್ನು ಕೂಡ ಹೆಚ್ಚಾಗಿ ತೆಗೆದುಕೊಂಡರು!

ಒಂದು ಎಚ್ಚರಿಕೆಯ ಮಾತೂ ಉಂಟು. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಾನ್ಸಿಂಕ್ ಮತ್ತು ಅವರ ಸಹೋದ್ಯೋಗಿ ಇದೇ ವಿಷಯದ ಮೇಲೆ ಪ್ರಕಟಿಸಿದ ಪ್ರಬಂಧ ಬಹಳ ಪ್ರಚಾರ ಪಡೆಯಿತು. ಮೂಲ ಅಂಕಿಅಂಶಗಳು ದೊರೆಯದ ಕಾರಣ 2018ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ವೋಚರಿಲ್ಲದ ಲೆಕ್ಕ ವಿಜ್ಞಾನದಲ್ಲೂ ಸಲ್ಲದು. ಆ ಒಂದು ಬಾಬು ಬಿದ್ದುಹೋದರೂ ಮೇಲಿನ ಅಧ್ಯಯನಗಳು ಬೇರೆಯೇ ಆಧಾರದ ಮೇಲೆ ನಿಂತಿವೆ.

ಹಿಂದೆ ಈ ಹಸಿವಿಗೆ ಎರಡು ಕಾವಲುಗಳಿದ್ದವು: ಒಂದು ಮನೆಯಲ್ಲಿ ಬರೆದ ಚೀಟಿ, ಮತ್ತೊಂದು ಗಲ್ಲೆಯ ಆಚೆ ಕುಳಿತ ಶೆಟ್ಟರು. ಗಿರಾಕಿ ಕೇಳಿದ್ದನ್ನಷ್ಟೇ ತೂಗಿ ಕೊಡುತ್ತಿದ್ದ ಕಾಲವದು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕ, ಗಿರಾಕಿಯೇ ಒಳಹೊಕ್ಕು ಎತ್ತಿಕೊಳ್ಳುವ ಪದ್ಧತಿಯನ್ನು ತಂದ. 1937ರಲ್ಲಿ ಸಿಲ್ವನ್ ಗೋಲ್ಡ್‌ಮನ್ ತಳ್ಳುಗಾಡಿಯನ್ನು ಒದಗಿಸಿದ; ಕೈಗೆ ಭಾರವೇ ತಿಳಿಯದಂತಾಯಿತು. ಈಗ ಮೊಬೈಲ್ ಫೋನು ಬೆರಳು ತಾಗಿಸಿದ ಕೆಲವೇ ನಿಮಿಷಗಳಲ್ಲಿ ತಿಂಡಿಯನ್ನು ಬಾಗಿಲಿಗೆ ತರುತ್ತದೆ. ಹಸಿವಿಗೂ ಖರೀದಿಗೂ ನಡುವೆ ಇದ್ದ ವಿವೇಚನೆಯ ಅವಧಿಯೇ ಇಲ್ಲವಾಗಿದೆ.

ಲೆಕ್ಕವನ್ನು ನೋಡೋಣ. ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯಂತೆ, ನಗರವಾಸಿಗಳು ಖರ್ಚುಮಾಡುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಆಹಾರಕ್ಕೆ ಹೋಗುತ್ತದೆ. ಅದರಲ್ಲಿ ಧಾನ್ಯಗಳ ಪಾಲು 4 ರೂಪಾಯಿಗೂ ಕಡಿಮೆ. ಪಾನೀಯ ಮತ್ತು ಸಿದ್ಧ ಆಹಾರಗಳ ಪಾಲು 10 ರೂಪಾಯಿಗೂ ಹೆಚ್ಚು. ವಾರಕ್ಕೆರಡು ಸಲ ಹಸಿದು ಅಂಗಡಿಗೆ ಹೋಗಿ, ಸಲಕ್ಕೆ 150 ರೂಪಾಯಿಯ ಬೇಡದ ಸಾಮಾನು ತಂದರೆ ವರ್ಷಕ್ಕೆ 15,600 ರೂಪಾಯಿ. ದೇಹದ ಖಾತೆಯಲ್ಲಿ ಬೀಳುವ ಖರ್ಚು ಇನ್ನೂ ದೊಡ್ಡದು. ಭಾರತದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ.

ಪರಿಹಾರ ಕಷ್ಟವಲ್ಲ. ದಿನಸಿ ಪಟ್ಟಿಯನ್ನು ಊಟವಾದ ಮೇಲೆ, ಅಡಿಗೆಮನೆಯ ಡಬ್ಬಿಗಳನ್ನು ನೋಡಿ ಬರೆಯಬೇಕು. ಭಾನುವಾರ ತಿಂಡಿ ಮುಗಿಸಿ ಹೊರಡುವುದು ಉತ್ತಮ. ಸಂಜೆಯೇ ಹೋಗಬೇಕಾದರೆ ಕಚೇರಿ ಬಿಡುವಾಗ ಒಂದು ಬಾಳೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ ತಿಂದು ನೀರು ಕುಡಿಯಬಹುದು. ನಾಲ್ಕೇ ಸಾಮಾನಿಗೆ ತಳ್ಳುಗಾಡಿ ಬೇಡ, ಕೈಬುಟ್ಟಿ ಸಾಕು. ಫೋನಿನಲ್ಲಿ ತರಿಸುವವರು ರಾತ್ರಿ ಪಟ್ಟಿ ಮಾಡಿಟ್ಟು, ಬೆಳಿಗ್ಗೆ ತಿಂಡಿಯ ನಂತರ ಮತ್ತೊಮ್ಮೆ ನೋಡಿ ಹಣ ಪಾವತಿಸಲಿ. ಏಕಾದಶಿ, ಸಂಕಷ್ಟಿಗಳ ಉಪವಾಸದ ಸಂಜೆ ಅಂಗಡಿಯ ಕಡೆ ಸುಳಿಯದಿರುವುದೇ ಲೇಸು.

ಇನ್ಸುಲಿನ್ ಅಥವಾ ಸಕ್ಕರೆ ತೀವ್ರವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಸಿವಿನ ಜೊತೆ ನಡುಕ, ಬೆವರು, ಕಣ್ಣುಕತ್ತಲೆ ಬಂದರೆ ಅದು ರಕ್ತದಲ್ಲಿ ಸಕ್ಕರೆ ಇಳಿದಿರುವ ಲಕ್ಷಣವಿರಬಹುದು. ಅಂಥವರು ತಡಮಾಡದೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ರಕ್ತ ಪರೀಕ್ಷಿಸಿಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಸಿದು ಉಣ್ಣಬೇಕೆಂದು ಹಿರಿಯರು ಹೇಳಿದ್ದು ಸರಿಯೇ. ಹಸಿದವನ ಊಟ ರುಚಿಸುತ್ತದೆ, ಮೈಗೂ ಹತ್ತುತ್ತದೆ. ಊರು ಬಿಟ್ಟು ಬಂದು, ಮಹಾನಗರದಲ್ಲಿ ದುಡಿದು ಸಂಸಾರ ಕಟ್ಟಿಕೊಂಡವರು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಿಕೊಳ್ಳಲಿ: ಉಣ್ಣುವುದು ಹಸಿದು, ಕೊಳ್ಳುವುದು ಉಂಡು.