ಬೆಕ್ಕಿಗೆ ಔಷಧ ನುಂಗಿಸುವ ಬಗೆ

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕು ಮತ್ತೆಂದೂ ಹಾಲಿನ ಬಳಿ ಸುಳಿಯಲಿಲ್ಲವೆಂಬ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಮಹಾನಗರದ ಕಿರುಮನೆಯಲ್ಲಿ ಬೆಕ್ಕನ್ನು ಸಾಕಿದವರು ಆ ಕಥೆಯ ತಿರುಳನ್ನು ಮರೆಯಬಾರದು. ಕಹಿಮದ್ದನ್ನು ನಿತ್ಯದ ಆಹಾರದಲ್ಲಿ ಬೆರೆಸಿದರೆ ಅದು ಆಹಾರವನ್ನೇ ತೊರೆದೀತು. ಕೆಲವೇ ದಿನಗಳ ಉಪವಾಸದಿಂದ, ವಿಶೇಷವಾಗಿ ಕೊಬ್ಬಿದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಪ್ರಾಣಕ್ಕೇ ಸಂಚಕಾರ ಒದಗಬಹುದು.

ಆದುದರಿಂದ ಬೆಕ್ಕನ್ನು ಕೊರಳವರೆಗೆ ಟವೆಲಿನಲ್ಲಿ ಸುತ್ತಿ ಒಬ್ಬರು ಹಿಡಿದಿರಲು, ಇನ್ನೊಬ್ಬರು ತಲೆಯನ್ನು ತುಸು ಮೇಲೆತ್ತಿ, ಕೆಳದವಡೆಯನ್ನು ಬೆರಳಿನಿಂದ ಇಳಿಸಿ, ಮಾತ್ರೆಯನ್ನು ನಾಲಗೆಯ ಹಿಂಬದಿಯಲ್ಲಿ ಇರಿಸಬೇಕು. ಬಳಿಕ ತಲೆಯನ್ನು ಮೊದಲಿನಂತೆ ಇಳಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಸುಮಾರು 5 ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ತುಸುತುಸುವಾಗಿ ಕುಡಿಸಬೇಕು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳು ನೀರಿಲ್ಲದೆ ಅನ್ನನಾಳದಲ್ಲಿ ಸಿಲುಕಿದರೆ ಅಲ್ಲಿ ಹುಣ್ಣಾಗುವುದುಂಟು. ದ್ರವವನ್ನು ರಭಸದಿಂದ ಸುರಿದರೆ ಅದು ಶ್ವಾಸಕೋಶವನ್ನು ಸೇರುವ ಭಯವಿದೆ. ಮಾತ್ರೆಯನ್ನು ಪುಡಿ ಮಾಡುವ ಮುನ್ನ ಪಶುವೈದ್ಯರನ್ನು ಕೇಳುವುದು ಲೇಸು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೊಂದಿದೆ. ಮನೆಯ ಕಪಾಟಿನಲ್ಲಿರುವ ಪ್ಯಾರಸಿಟಮಾಲ್ ಮನುಷ್ಯನ ಜ್ವರಕ್ಕೆ ಮದ್ದು, ಬೆಕ್ಕಿಗೆ ವಿಷ. ಅದನ್ನು ನಿವಾರಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತವು ಆಮ್ಲಜನಕವನ್ನು ಸಾಗಿಸಲಾರದೆ ಒಂದೇ ಮಾತ್ರೆಯಿಂದಲೂ ಸಾವು ಸಂಭವಿಸಬಹುದು. ಮೂಕಪ್ರಾಣಿಯ ಮೇಲಿನ ಮಮತೆಗೆ ವಿವೇಕವೂ ಜೊತೆಗೂಡಿರಲಿ.